ಬೆಟ್ಟದ ಮಣ್ಣು ಎಷ್ಟು ಹೋಗುತ್ತಿದೆ? ಒಂದು ಮಳೆಗಾಲದ ಅಳತೆ, ಆಮೇಲಿನ ಕೆಲಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರು ಮಳೆಗಾಲ ಕಳೆದ ಮೇಲೆ ತೋಟದ ಬಸಿಗಾಲುವೆಗಳಲ್ಲಿ ತುಂಬಿದ ಹೂಳನ್ನು ಎತ್ತಿ ಮರದ ಬುಡಕ್ಕೆ ಹಾಕುತ್ತಾರೆ. ಆ ಹೂಳಿನ ಬಹುಪಾಲು ಮೇಲಿನ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡುಗುಡ್ಡದಿಂದ, ಇಳಿದು ಬಂದದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಬಂತು, ಬೆಟ್ಟದ ಯಾವ ಭಾಗದಿಂದ ಬಂತು, ಕಾಲುವೆಯಲ್ಲಿ ನಿಲ್ಲದೆ ಹಳ್ಳ ಸೇರಿದ್ದು ಎಷ್ಟು ಎಂಬುದನ್ನು ಅಳೆದವರು ತೀರ ಕಡಿಮೆ. ಮಣ್ಣಿನ ಸವಕಳಿಯ ಸಂಶೋಧಕರು ಬಳಸುವ ವಿಧಾನಗಳಲ್ಲಿ ಕೆಲವನ್ನು ಬೆಳೆಗಾರರು, ಅರಣ್ಯ ಮತ್ತು ಕೃಷಿ ವಿದ್ಯಾರ್ಥಿಗಳು, ಊರಿನ ಶಾಲೆಯ ವಿಜ್ಞಾನ ಶಿಕ್ಷಕರು ಸ್ವಂತವಾಗಿ ಹೇಗೆ ಮಾಡಬಹುದು, ಸಿಕ್ಕ ಅಂಕಿಗಳಿಂದ ಬೆಟ್ಟದಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಅಳೆಯದೆ ಕೈಹಾಕಿದ ಮಣ್ಣಿನ ಕೆಲಸ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲಾಭಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು ಎಂಬುದೇ ನನ್ನ ಮುಖ್ಯ ಮಾತು.

ಅದಕ್ಕೆ ಕಾರಣ ಜಿಲ್ಲೆಯ ಮಳೆಯೇ. ಹಳಿಯಾಳ, ಮುಂಡಗೋಡದ ಕಡೆ ವರ್ಷಕ್ಕೆ ಸಾವಿರದಿಂದ ಸಾವಿರದ ಇನ್ನೂರು ಮಿಲಿಮೀಟರಿನ ಆಸುಪಾಸು ಬೀಳುವ ಮಳೆ ಶಿರಸಿಗೆ ಬಂದಾಗ 2500 ಮಿ.ಮೀ. ಸಮೀಪಿಸುತ್ತದೆ, ಘಟ್ಟ ಇಳಿದು ಅಂಕೋಲಾ, ಕಾರವಾರ ತಲುಪಿದರೆ 3000 ಮಿ.ಮೀ. ದಾಟುತ್ತದೆ. ಹೀಗಾಗಿ ಮುಂಡಗೋಡದ ಹೊಲಕ್ಕೆ ಬರೆದ ಮಣ್ಣು ಸಂರಕ್ಷಣೆಯ ಸಲಹೆಯನ್ನು ದೇವಿಮನೆ ಘಟ್ಟದ ಇಳಿಜಾರಿಗೆ ಹಾಗೆಯೇ ತಂದು ಹೊಂದಿಸಲು ಬರುವುದಿಲ್ಲ. ಇದರ ಮೇಲೆ ಹವಾಮಾನ ಬದಲಾವಣೆಯ ಪರಿಣಾಮವೂ ಸೇರಿಕೊಂಡಿದೆ. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅತಿ ಭಾರಿ ದಿನಮಳೆಯ ತೀವ್ರತೆ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಆರನೆಯ ವರದಿ ಅಂದಾಜು ಮಾಡಿದೆ. ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಬೀಳುವ ಅತಿ ಭಾರಿ ಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾದವು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಣ್ಣಿನ ದೃಷ್ಟಿಯಿಂದ ನೋಡುವಾಗ ವರ್ಷದ ಒಟ್ಟು ಮಳೆಗಿಂತ ಅದು ಎಷ್ಟು ಹೊತ್ತಿನಲ್ಲಿ ಬಿತ್ತು ಎಂಬುದು ಮುಖ್ಯ. ನಾಲ್ಕು ದಿನ ಜಿಟಿಜಿಟಿ ಸುರಿದ ನೂರು ಮಿಲಿಮೀಟರು ಬೆಟ್ಟದಲ್ಲಿ ಇಂಗುತ್ತದೆ. ಅದೇ ನೂರು ಮಿಲಿಮೀಟರು ಎರಡು ತಾಸಿನಲ್ಲಿ ಸುರಿದರೆ ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ.

ಮೇ ತಿಂಗಳಲ್ಲಿ: ಬೆಟ್ಟವನ್ನು ಓದುವುದು

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಬೆಟ್ಟವನ್ನು ಮೇಲಿನಿಂದ ಕೆಳಗೆ ಒಮ್ಮೆ ನಿಧಾನವಾಗಿ ನಡೆಯಬೇಕು. ದರಕು (ಉದುರಿದ ಒಣ ಎಲೆ) ಗುಡಿಸಿದ ಬೋಳು ಜಾಗದಲ್ಲಿ ಕುಳಿತು ನೆಲವನ್ನು ಹತ್ತಿರದಿಂದ ನೋಡಿದರೆ ಕಡಲೆಕಾಳಿನ ಗಾತ್ರದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹರಳುಗಳು ಪುಟ್ಟ ಮಣ್ಣಿನ ಕಂಬಗಳ ಮೇಲೆ ಕುಳಿತಿರುವುದು ಕಾಣುತ್ತದೆ. ಹರಳಿನ ಮರೆಯಲ್ಲಿದ್ದ ಮಣ್ಣು ಉಳಿದಿದೆ, ಸುತ್ತಲಿನದು ಹನಿಯ ಹೊಡೆತಕ್ಕೆ ಎದ್ದು ಹರಿದುಹೋಗಿದೆ; ಆ ಕಂಬದ ಎತ್ತರ ಎಷ್ಟೋ ಕನಿಷ್ಠ ಅಷ್ಟು ಮಣ್ಣು ಅಲ್ಲಿಂದ ಹೋಗಿದೆ ಎಂದು ತಿಳಿಯಬೇಕು. ಮತ್ತಿ, ಹೊನ್ನೆ, ನೇರಳೆ ಮರಗಳ ಬುಡದಲ್ಲಿ ಬೇರಿನ ಕೊರಳು ಎಷ್ಟು ಮೇಲೆದ್ದಿದೆ, ಅದರ ಮೇಲುಬದಿ ಮತ್ತು ಕೆಳಬದಿಯ ನೆಲಮಟ್ಟದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಕಾಲುದಾರಿ, ದನದ ದಾರಿ, ಹೊಸದಾಗಿ ಜೆಸಿಬಿ ಕೊರೆದ ರಸ್ತೆ ಇವು ನೀರನ್ನು ಎಲ್ಲಿ ಕೂಡಿಸುತ್ತವೆ ಎಂಬುದನ್ನೂ ನಕ್ಷೆಯಲ್ಲಿ ಬರೆಯಿರಿ. ಬೆಟ್ಟದ ಕೊರಕಲುಗಳು ಎಷ್ಟೋ ಕಡೆ ಇಂಥ ದಾರಿಗಳಿಂದಲೇ ಹುಟ್ಟುತ್ತವೆ.

ಇಳಿಜಾರನ್ನು ಅಳೆಯಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಅಡ್ಡಕ್ಕೆ ಹತ್ತು ಮೀಟರು ದೂರದಲ್ಲಿ ನೆಲ ಎರಡು ಮೀಟರು ಇಳಿದರೆ ಅದು ಶೇ. 20ರ ಇಳಿಜಾರು. ಬೆಟ್ಟದ ನೆತ್ತಿ, ನಡು, ಬುಡ ಮೂರು ಕಡೆಯೂ ಪ್ರತ್ಯೇಕವಾಗಿ ಅಳೆಯಬೇಕು, ಏಕೆಂದರೆ ಸರಾಸರಿ ಇಳಿಜಾರು ಎಂಬುದು ಕಡಿದಾದ ನಡುಭಾಗವನ್ನು ಮರೆಮಾಡುತ್ತದೆ.

ಆಮೇಲೆ ನೆಲದ ಮಟ್ಟ ಎಷ್ಟು ಇಳಿಯಿತೆಂದು ತೋರಿಸುವ ಸವಕಳಿ ಕಡ್ಡಿ ನೆಡುವ ಕೆಲಸ. ಎಂಟು ಮಿಲಿಮೀಟರು ದಪ್ಪದ ಕಬ್ಬಿಣದ ಸರಳನ್ನು ಅರವತ್ತು ಸೆಂಟಿಮೀಟರು ಉದ್ದಕ್ಕೆ ತುಂಡರಿಸಿ, ಹತ್ತು ಸೆಂಟಿಮೀಟರು ಮಾತ್ರ ಹೊರಗೆ ಕಾಣುವಂತೆ ಹೊಡೆಯಬೇಕು. ನೆತ್ತಿ, ನಡು, ಬುಡ ಒಂದೊಂದು ಕಡೆಗೆ ಕನಿಷ್ಠ ಹತ್ತು ಕಡ್ಡಿ, ಒಂದರಿಂದ ಇನ್ನೊಂದಕ್ಕೆ ಒಂದೆರಡು ಮೀಟರು ಅಂತರ, ಪ್ರತಿಯೊಂದಕ್ಕೂ ಬಣ್ಣ ಮತ್ತು ಸಂಖ್ಯೆ ಇರಲಿ. ಹೊಡೆಯುವಾಗ ಸುತ್ತಲಿನ ಮಣ್ಣನ್ನು ತುಳಿಯಬಾರದು, ಬುಡದ ದರಕನ್ನು ಕೆದಕಬಾರದು. ದರಕು ಗುಡಿಸಿದ ಜಾಗ ಮತ್ತು ಗುಡಿಸದ ಜಾಗ ಎರಡರಲ್ಲೂ ಕಡ್ಡಿಗಳಿರುವುದು ಈ ಇಡೀ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಖ್ಯ. ಹೋಲಿಕೆಯಿಲ್ಲದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಸರಳಿನ ತುದಿಯಿಂದ ನೆಲದವರೆಗಿನ ಎತ್ತರವನ್ನು ಇಳಿಜಾರಿನ ಎಡಬದಿ ಮತ್ತು ಬಲಬದಿಯಲ್ಲಿ ಅಳೆದು ಸರಾಸರಿ ತೆಗೆಯಿರಿ. ಮೇಲುಬದಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡು ಮಣ್ಣು ಕೂಡುತ್ತದೆ, ಕೆಳಬದಿಯಲ್ಲಿ ನೀರು ಸುಳಿದು ಕೊರೆಯುತ್ತದೆ. ಆದ್ದರಿಂದ ಅವೆರಡೂ ದಾರಿ ತಪ್ಪಿಸುತ್ತವೆ. ಮೊದಲ ಅಳತೆ ಮೇ ಕೊನೆಯಲ್ಲಿ, ಎರಡನೆಯದು ಮಳೆ ಹಿಂದೆ ಸರಿದು ನೆಲ ಒಣಗಿದ ಮೇಲೆ. ಒದ್ದೆ ಮಣ್ಣು ಉಬ್ಬಿರುವಾಗ ತೆಗೆದ ಅಳತೆಯನ್ನು ಒಣ ನೆಲದ ಅಳತೆಯೊಂದಿಗೆ ಹೋಲಿಸಬಾರದು. ಕೈಯಳತೆಯಲ್ಲಿ ಒಂದು ಮಿಲಿಮೀಟರಿನಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ ಒಂದೊಂದು ಕಡ್ಡಿಯ ಅಂಕಿಯನ್ನು ನಂಬದೆ ಹತ್ತು ಕಡ್ಡಿಗಳ ಸರಾಸರಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮಿಲಿಮೀಟರನ್ನು ಟನ್ನಿಗೆ ಬದಲಿಸಲು ಮಣ್ಣಿನ ಸಾಂದ್ರತೆ ಬೇಕು. ನೂರು ಘನ ಸೆಂಟಿಮೀಟರಿನ ಲೋಹದ ಬಳೆಯನ್ನು ಮೇಲ್ಮಣ್ಣಿಗೆ ಇಳಿಸಿ, ಒಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ತೂಗಿದರೆ ಅದು ತಿಳಿಯುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಹರಳು ಹೆಚ್ಚಿರುವುದರಿಂದ ಎರಡು ಮಿಲಿಮೀಟರಿಗಿಂತ ದೊಡ್ಡದನ್ನು ಜರಡಿ ಹಿಡಿದು ಬೇರೆಯಾಗಿ ತೂಗುವುದು ಒಳ್ಳೆಯದು. ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರು ಮಣ್ಣು ಎಂದರೆ ಹತ್ತು ಘನ ಮೀಟರು. ಸಾಂದ್ರತೆ ಘನ ಸೆಂಟಿಮೀಟರಿಗೆ 1.2 ಗ್ರಾಂ ಇದ್ದರೆ ಹನ್ನೆರಡು ಟನ್ನು. ಮೂರು ಮಿಲಿಮೀಟರು ಹೋಗಿದ್ದರೆ ಮೂವತ್ತಾರು ಟನ್ನು. ಕಣ್ಣಿಗೆ ಮಾತ್ರ ಏನೂ ಆದಂತೆ ಕಾಣುವುದಿಲ್ಲ. ದೇಶದ ಸರಾಸರಿ ಸವಕಳಿಯನ್ನು ಹೆಕ್ಟೇರಿಗೆ ವರ್ಷಕ್ಕೆ 16.35 ಟನ್ನು ಎಂದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಅಂದಾಜಿಸಿದ್ದರು. ಅಮೆರಿಕದ ಕೈಪಿಡಿಗಳು ಆಳವಾದ ಮಣ್ಣಿಗೆ 11.2 ಟನ್ನಿನವರೆಗೆ ಸಹಿಸಬಹುದು ಎನ್ನುತ್ತವೆ. ಅಂಗೈಯಗಲದ ಕಪ್ಪು ಮೇಲ್ಮಣ್ಣಿನ ಕೆಳಗೆ ನೇರ ಜಂಬಿಟ್ಟಿಗೆ ಗಟ್ಟಿಯಿರುವ ನಮ್ಮ ಬೆಟ್ಟಗಳಿಗೆ ಆ ಮಿತಿ ತೀರ ಉದಾರವಾದದ್ದು ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ: ಮಳೆ ಮತ್ತು ಕೆಂಪು ನೀರು

ಮಳೆಮಾಪಕವನ್ನು ಮರದ ನೆರಳಿಲ್ಲದ ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಓದಬೇಕು. ಹವಾಮಾನ ಇಲಾಖೆಯ ದಿನಮಳೆಯ ಲೆಕ್ಕವೂ ಅದೇ ಹೊತ್ತಿನದು. ಇಪ್ಪತ್ನಾಲ್ಕು ತಾಸಿನಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಎಂದು ಇಲಾಖೆ ವಿಂಗಡಿಸುತ್ತದೆ. ಆದರೆ ದಿನದ ಅಂಕಿಯೊಂದರಿಂದ ಸವಕಳಿ ಅರ್ಥವಾಗುವುದಿಲ್ಲ. ಜೋರು ಮಳೆ ಹಿಡಿದಾಗ ಅರ್ಧ ತಾಸಿಗೊಮ್ಮೆ ಓದಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಅಥವಾ ತಾನೇ ದಾಖಲಿಸುವ ಮಾಪಕ ಸಿಕ್ಕರೆ ನಿಮ್ಮ ಅಧ್ಯಯನದ ಬೆಲೆ ಬಹಳ ಹೆಚ್ಚುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಇಟ್ಟಿದೆ; ನಿಮ್ಮ ಅಂಕಿಯನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಆದರೂ ಘಟ್ಟದ ನೆತ್ತಿಯ ಮಳೆಗೂ ಕೆಳಗಿನ ಕೇರಿಯ ಮಳೆಗೂ ಅಜಗಜಾಂತರವಿರುವುದರಿಂದ ಸ್ವಂತ ಮಾಪಕಕ್ಕೆ ಬದಲಿಯಿಲ್ಲ.

ಬೆಟ್ಟದ ನೀರು ಒಂದೇ ಬಾಯಲ್ಲಿ ತೋಟಕ್ಕೆ ಇಳಿಯುವ ಜಾಗ ಗುರುತಿಸಿ, ಮಳೆ ಜೋರಾದಾಗ, ಏರು ಹರಿವಿನಲ್ಲಿ ಮತ್ತು ಇಳಿದ ಮೇಲೆ ಒಂದೊಂದು ಲೀಟರು ಕೆಂಪು ನೀರನ್ನು ಬಾಟಲಿಯಲ್ಲಿ ಹಿಡಿಯಿರಿ. ಕದಡದೆ ನಿಲ್ಲಿಸಿ, ತಿಳಿನೀರು ಬಸಿದು, ತಳದ ಮಣ್ಣನ್ನು ಒಣಗಿಸಿ ತೂಗಿದರೆ ಲೀಟರಿಗೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. ಲೆಕ್ಕದ ಉದಾಹರಣೆಗಾಗಿ, ಒಂದು ಹೆಕ್ಟೇರು ಬೆಟ್ಟದ ಮೇಲೆ ನೂರು ಮಿಲಿಮೀಟರು ಮಳೆ ಬಿದ್ದು ಅದರಲ್ಲಿ ನೂರಕ್ಕೆ ನಲವತ್ತು ಪಾಲು ಹರಿದುಹೋದರೆ ನಾಲ್ಕು ಲಕ್ಷ ಲೀಟರು ನೀರಾಯಿತು. ಲೀಟರಿಗೆ ಎರಡು ಗ್ರಾಂ ಮಣ್ಣಿದ್ದರೂ ಒಂದೇ ದಿನ ಎಂಟುನೂರು ಕಿಲೋ ಮಣ್ಣು ಇಳಿಯಿತು. ಜೂನ್ ಮೊದಲ ಮಳೆಗಳ ಬಾಟಲಿಯನ್ನು ಆಗಸ್ಟಿನ ಬಾಟಲಿಯ ಪಕ್ಕದಲ್ಲಿಡಿ. ಬೋಳು ನೆಲದ ಮೇಲೆ ಬಿದ್ದ ಜೂನಿನ ನೀರು ಗಾಢವಾಗಿರುವುದೂ, ಹುಲ್ಲು ಹಸಿರಾದ ಮೇಲಿನದು ತಿಳಿಯಾಗಿರುವುದೂ ಸಾಮಾನ್ಯ. ನಿಮ್ಮಲ್ಲಿ ಹಾಗಿರದೆ ಆಗಸ್ಟಿನಲ್ಲೂ ನೀರು ಗಾಢವಾಗಿದ್ದರೆ ಮೇಲೆ ಎಲ್ಲೋ ಕೊರಕಲು ಬೆಳೆಯುತ್ತಿದೆ ಅಥವಾ ದರೆ (ಕಡಿದಾದ ಮಣ್ಣಿನ ಗೋಡೆ) ಸಡಿಲವಾಗಿದೆ ಎಂದು ಶಂಕಿಸಿ ಹುಡುಕಬೇಕು.

ಸೂತ್ರಗಳ ವಿಷಯದಲ್ಲಿ ಒಂದು ಎಚ್ಚರ

ಸಂಶೋಧನಾ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಶ್‌ಮೈಯರ್ ಮತ್ತು ಸ್ಮಿತ್ ರೂಪಿಸಿದ, 1978ರ ಕೈಪಿಡಿಯಲ್ಲಿ ಪೂರ್ಣ ವಿವರವಿರುವ ಸಾರ್ವತ್ರಿಕ ಮಣ್ಣುನಷ್ಟ ಸಮೀಕರಣವನ್ನೋ ಅದರ ಪರಿಷ್ಕೃತ ರೂಪವನ್ನೋ ಬಳಸುತ್ತಾರೆ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ಹೊದಿಕೆ, ಸಂರಕ್ಷಣಾ ಕ್ರಮ ಇವನ್ನು ಗುಣಿಸಿದರೆ ವರ್ಷದ ನಷ್ಟ ಸಿಗುತ್ತದೆ. ಉಪಗ್ರಹ ಚಿತ್ರ ಸೇರಿಸಿದರೆ ಇಡೀ ತಾಲ್ಲೂಕಿನ ನಕ್ಷೆ ಬರುತ್ತದೆ, ನೋಡಲು ಅಂದವಾಗಿಯೂ ಇರುತ್ತದೆ. ಆದರೆ ಈ ಸಮೀಕರಣ ಹುಟ್ಟಿದ್ದು ಅಮೆರಿಕದ ಬೇಸಾಯದ ಹೊಲಗಳಲ್ಲಿ, ಸೌಮ್ಯ ಇಳಿಜಾರುಗಳಲ್ಲಿ. ಕೊರಕಲು, ಗುಡ್ಡಕುಸಿತ ಇವು ಇದರ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಮ್ಮ ದೇಶದ ಅನೇಕ ಅಧ್ಯಯನಗಳಲ್ಲಿ ಮಳೆಯ ಹೊಡೆತದ ಅಂಶವನ್ನು ವಾರ್ಷಿಕ ಮಳೆಯನ್ನು 0.363ರಿಂದ ಗುಣಿಸಿ 79 ಕೂಡಿಸುವ ಸರಳ ಸೂತ್ರದಿಂದ ತೆಗೆಯುತ್ತಾರೆ. ಅರ್ಧ ತಾಸಿನ ಗರಿಷ್ಠ ತೀವ್ರತೆಯ ದಾಖಲೆ ಇಲ್ಲದಿರುವಾಗ ಇದು ಅನಿವಾರ್ಯ ಇರಬಹುದು. ಆದರೆ ವರ್ಷದ ಒಟ್ಟು ಮಳೆ ಹಾಗೆಯೇ ಇದ್ದು, ಅದು ಕಡಿಮೆ ದಿನಗಳಲ್ಲಿ ಹೆಚ್ಚು ರಭಸದಿಂದ ಬೀಳತೊಡಗಿದರೆ ಈ ಸೂತ್ರದ ಉತ್ತರದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಹವಾಮಾನ ಬದಲಾವಣೆಯ ಹೆಸರಿನಲ್ಲಿ ನಡೆಯುವ ಅಧ್ಯಯನವೊಂದು ಆ ಬದಲಾವಣೆಗೇ ಕುರುಡಾಗಿರುವುದು ಸರಿಯಲ್ಲ. ಆದ್ದರಿಂದ ನಕ್ಷೆ ಮಾಡುವವರು ಅರ್ಧ ತಾಸಿನ ಮಳೆಯ ದಾಖಲೆಯನ್ನು ಹುಡುಕಿ ಬಳಸಲಿ, ನಕ್ಷೆಯ ಅಂಕಿಯನ್ನು ನೆಲದ ಕಡ್ಡಿಯೊಂದಿಗೆ ಹೋಲಿಸಿಯೇ ಪ್ರಕಟಿಸಲಿ.

ಅಳತೆಯ ನಂತರ

ಗುಡಿಸಿದ ಜಾಗದ ಕಡ್ಡಿಗಳು ಗುಡಿಸದ ಜಾಗದ ಕಡ್ಡಿಗಳಿಗಿಂತ ಹೆಚ್ಚು ಎದ್ದು ನಿಂತಿದ್ದರೆ ಮೊದಲ ಪರಿಹಾರಕ್ಕೆ, ಅಂದರೆ ದರಕನ್ನು ನೆಲದ ಮೇಲೇ ಉಳಿಸುವುದಕ್ಕೆ, ಖರ್ಚೇನೂ ಇಲ್ಲ. ಎತ್ತರದ ಮರವಿದೆ, ಮಣ್ಣು ಸುರಕ್ಷಿತ ಎಂದು ಭಾವಿಸುವುದು ತಪ್ಪು. ಎಂಟು ಹತ್ತು ಮೀಟರು ಎತ್ತರದ ಎಲೆಗಳಿಂದ ತೊಟ್ಟಿಕ್ಕುವ ಹನಿಗಳು ಮಳೆಹನಿಗಿಂತ ದಪ್ಪವಾಗಿರಬಲ್ಲವು, ನೆಲ ಮುಟ್ಟುವಷ್ಟರಲ್ಲಿ ಬಹುತೇಕ ಪೂರ್ತಿ ವೇಗವನ್ನೂ ಪಡೆದಿರುತ್ತವೆ. ಅವುಗಳ ಹೊಡೆತ ತಡೆಯುವುದು ನೆಲದ ಮೇಲಿನ ದರಕು ಮತ್ತು ಕಿರುಗಿಡಗಳು ಮಾತ್ರ. ಅಕೇಶಿಯಾ ನೆಡುತೋಪಿನ ನೆಲವನ್ನು ಪೂರ್ತಿ ಗುಡಿಸಿದಾಗ ಆಗುವುದೂ ಇದೇ.

ತೋಟಕ್ಕೆ ದರಕು ಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಕೊಟ್ಟ ಪದ್ಧತಿ ಹುಟ್ಟಿದ್ದೇ ಆ ಅಗತ್ಯದಿಂದ. ಆದ್ದರಿಂದ ಗುಡಿಸಲೇಬೇಡಿ ಎಂದು ಹೇಳುವುದು ಬೆಳೆಗಾರನ ಕಷ್ಟ ತಿಳಿಯದವರ ಮಾತಾದೀತು. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿಗೆ ಪೂರ್ತಿ ಬಿಡುವು ಕೊಡಿ. ಗುಡಿಸುವ ಪಾಲಿನಲ್ಲಿಯೂ ಇಳಿಜಾರಿಗೆ ಅಡ್ಡವಾಗಿ ಹತ್ತು ಹದಿನೈದು ಮೀಟರಿಗೊಂದರಂತೆ ಎರಡು ಮೂರು ಮೀಟರು ಅಗಲದ ಪಟ್ಟಿಗಳನ್ನು ಮುಟ್ಟದೆ ಉಳಿಸಿ. ಕಡಿದಾದ ನಡುಭಾಗವನ್ನು ಯಾವ ವರ್ಷವೂ ಗುಡಿಸಬೇಡಿ. ತೋಟದಲ್ಲೇ ಬೀಳುವ ಸೋಗೆ ಮತ್ತು ಹಾಳೆಯನ್ನು ಕತ್ತರಿಸಿ ಬುಡಕ್ಕೆ ಹಾಕಿದರೆ ಬೆಟ್ಟದ ಮೇಲಿನ ಭಾರ ಅಷ್ಟು ಕಡಿಮೆಯಾಗುತ್ತದೆ.

ಎರಡನೆಯ ಕೆಲಸ ನೀರಿಗೆ ದಾರಿ ಮಾಡಿಕೊಡುವುದು. ಹರಿವಿನ ಪ್ರಮಾಣಕ್ಕೆ ಇಂಜಿನಿಯರುಗಳು ಬಳಸುವ ಸರಳ ಲೆಕ್ಕವೆಂದರೆ ಹರಿವಿನ ಪಾಲು, ತಾಸಿಗೆ ಮಿಲಿಮೀಟರಿನಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ ಇವನ್ನು ಗುಣಿಸಿ 360ರಿಂದ ಭಾಗಿಸುವುದು. ಉತ್ತರ ಸೆಕೆಂಡಿಗೆ ಘನ ಮೀಟರಿನಲ್ಲಿ ಬರುತ್ತದೆ. ಒಂದು ಹೆಕ್ಟೇರು ಬೆಟ್ಟ, ತಾಸಿಗೆ 90 ಮಿ.ಮೀ. ಮಳೆ, ಹರಿವಿನ ಪಾಲು 0.4 ಆದರೆ ಸೆಕೆಂಡಿಗೆ ನೂರು ಲೀಟರು. ಹುಲ್ಲು ಹೊದ್ದ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿ ಹರಿದರೆ ನಲವತ್ತು ಸೆಂಟಿಮೀಟರು ಅಗಲ, ಇಪ್ಪತ್ತೈದು ಸೆಂಟಿಮೀಟರು ಆಳ ಬರೀ ನೀರಿಗೇ ಬೇಕು. ಅದರ ಮೇಲೆ ಒಂದು ಗೇಣು ಖಾಲಿ ಬಿಡಬೇಕು. ಅಜ್ಜನ ಕಾಲದ ಕಾಲುವೆ ತಾಸಿಗೆ 90 ಮಿ.ಮೀ. ತಡೆದುಕೊಂಡಿದ್ದರೂ ಮಳೆಯ ತೀವ್ರತೆ ಶೇ. 20 ಏರಿದರೆ ನೂರಿಪ್ಪತ್ತು ಲೀಟರು ಬರುತ್ತದೆ. ನೀವು ಅರ್ಧ ತಾಸಿಗೊಮ್ಮೆ ಬರೆದಿಟ್ಟ ಮಳೆಯ ಅಂಕಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಬರಿಮಣ್ಣಿನ ಕಾಲುವೆ ಇಷ್ಟು ವೇಗ ತಾಳುವುದಿಲ್ಲವಾದ್ದರಿಂದ ತಳಕ್ಕೆ ಹುಲ್ಲು ಹಿಡಿಸಿ, ಇಳಿತ ಹೆಚ್ಚಿರುವಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿ.

ಇನ್ನು ಇಂಗುಗುಂಡಿ ಮತ್ತು ಅಗಳಗಳ (ಕಂದಕಗಳ) ವಿಚಾರ. ಮೂರು ಮೀಟರು ಉದ್ದ, ಅರವತ್ತು ಸೆಂಟಿಮೀಟರು ಅಗಲ, ಐವತ್ತು ಸೆಂಟಿಮೀಟರು ಆಳದ ಗುಂಡಿಯಲ್ಲಿ ಒಂಬೈನೂರು ಲೀಟರು ಹಿಡಿಯುತ್ತದೆ. ಮೇಲೆ ಹೇಳಿದ ನಾಲ್ಕು ಲಕ್ಷ ಲೀಟರನ್ನು ಹಿಡಿಯಲು ಇಂಥ ನಾನೂರ ನಲವತ್ತಕ್ಕೂ ಹೆಚ್ಚು ಗುಂಡಿ ಬೇಕು. ಮಲೆನಾಡಿನ ಮಳೆಯನ್ನು ಗುಂಡಿಯಲ್ಲಿ ಹಿಡಿದು ಮುಗಿಸಲು ಸಾಧ್ಯವಿಲ್ಲ. ತುಂಬಿದ ಗುಂಡಿ ಒಡೆದರೆ ಹೊಸ ಕೊರಕಲು ಹುಟ್ಟುತ್ತದೆ. ಮುಂಡಗೋಡ, ಹಳಿಯಾಳ, ಬನವಾಸಿ ಕಡೆಯ ಸೌಮ್ಯ ಇಳಿಜಾರಿನಲ್ಲಿ ಇವು ನಿಜಕ್ಕೂ ಉಪಕಾರಿ, ಅಲ್ಲಿ ಧೈರ್ಯವಾಗಿ ಮಾಡಿ. ಆದರೆ ಘಟ್ಟದ ಅಂಚಿನ ಕಡಿದಾದ ಇಳಿಜಾರಿನಲ್ಲಿ, ಜಂಬಿಟ್ಟಿಗೆಯ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ ನುಣುಪಾದ ಶೇಡಿ ಮಣ್ಣು ಇರುವಲ್ಲಿ, ದಯವಿಟ್ಟು ಗುಂಡಿ ತೋಡಬೇಡಿ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಶೇಡಿ ನೀರು ಕುಡಿದ ಮೇಲೆ ಬಲ ಕಳೆದುಕೊಳ್ಳುತ್ತದೆ, ನಾವಾಗಿ ಇಂಗಿಸಿದ ನೀರು ಆ ಪದರಕ್ಕೇ ಇಳಿಯುತ್ತದೆ. ಬಾವಿ ತೆಗೆದ ಮಣ್ಣಿನಲ್ಲಿ ಅಥವಾ ರಸ್ತೆ ಕಡಿದ ದರೆಯಲ್ಲಿ ಶೇಡಿ ಕಾಣುತ್ತದೆಯೇ ಎಂದು ಮೊದಲು ನೋಡಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಕುಸಿದವು; 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಜಾರಿ ಜನ ಪ್ರಾಣ ಕಳೆದುಕೊಂಡರು. ಇಂಥ ನೆಲದಲ್ಲಿ ನೀರನ್ನು ಇಂಗಿಸುವ ಬದಲು ಬೇಗ ಹೊರಗೆ ಸಾಗಿಸುವುದೇ ಮಣ್ಣಿನ ರಕ್ಷಣೆ. ಬೆಟ್ಟದ ನೆತ್ತಿಯಲ್ಲಿ ಅರ್ಧಚಂದ್ರದ ಆಕಾರದ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ಹೊಸದಾಗಿ ವಾಲಿದ ಮರಗಳು, ಬಾಗಿಲು ಹಾಕಲು ಬಾರದಂತೆ ಸರಿದ ಮನೆಯ ಗೋಡೆ, ಇವುಗಳಲ್ಲಿ ಯಾವುದು ಕಂಡರೂ ಅಳತೆಯ ಕೆಲಸ ಬಿಟ್ಟು ಕೆಳಗಿನ ಮನೆಯವರನ್ನು ಮೊದಲು ಸ್ಥಳಾಂತರಿಸಿ, ಪಂಚಾಯಿತಿಗೆ ಮತ್ತು ತಹಶೀಲ್ದಾರರಿಗೆ ತಿಳಿಸಬೇಕು.

ಕಡಿದಾದ ಜಾಗಕ್ಕೆ ಹೊಂದುವುದು ಜೀವಂತ ಬೇಲಿ. ಎರಡು ಮೂರು ಮೀಟರು ಆಳಕ್ಕೆ ನೇರ ಬೇರಿಳಿಸುವ ಲಾವಂಚವನ್ನು ಸಮಮಟ್ಟದ ಗೆರೆಯಲ್ಲಿ ಗೇಣಿಗಿಂತ ಹತ್ತಿರ, ಅಂದರೆ ಹತ್ತರಿಂದ ಹದಿನೈದು ಸೆಂಟಿಮೀಟರು ಅಂತರದಲ್ಲಿ, ಜೂನಿನಲ್ಲಿ ನೆಲ ನೆನೆದ ಕೂಡಲೇ ನೆಡಬೇಕು. ನಡುವೆ ಒಂದು ಬುಡ ಸತ್ತರೂ ನೀರು ಅಲ್ಲಿಯೇ ನುಗ್ಗುವುದರಿಂದ ಮೊದಲ ವರ್ಷ ಖಾಲಿ ಜಾಗ ತುಂಬುವುದನ್ನು ಮರೆಯಬಾರದು. ಹಳ್ಳದ ದಂಡೆಗೆ ಮುಂಡಿಗೆ, ಬಿದಿರು, ಬೆಟ್ಟದ ಬಿಡುವಿನ ಪಾಲಿಗೆ ಮುರುಗಲು, ಉಪ್ಪಾಗೆ, ದಾಲ್ಚಿನ್ನಿ ನೆಟ್ಟರೆ ಆದಾಯವೂ ಬರುತ್ತದೆ. ಹೊಸ ತೋಟಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದು ಬೋಳು ದರೆ ಬಿಡುವ ರೂಢಿಯನ್ನು ನಿಲ್ಲಿಸಲೇಬೇಕು.

ಕರಾವಳಿಯವರಿಗೂ ಈ ಲೆಕ್ಕ ಸಂಬಂಧಿಸಿದ್ದೇ. ಅಘನಾಶಿನಿ ನದಿಯ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರಿನ ಗದ್ದೆಗಳಲ್ಲಿ) ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಹೂಳಿನ ಏರಿಕೆಯನ್ನು ಅಳೆಯಲು ಇದೇ ಕಡ್ಡಿಗಳನ್ನು ಬಳಸಬಹುದು. ಅಲ್ಲಿ ಕಡ್ಡಿ ಮುಚ್ಚುತ್ತ ಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ದಾಖಲೆ ಪುಸ್ತಕದಲ್ಲಿ ಪ್ರತಿ ಕಡ್ಡಿಯ ಸಂಖ್ಯೆ, ಇಳಿಜಾರು, ಹೊದಿಕೆ, ಎರಡೂ ಅಳತೆಗಳ ದಿನಾಂಕ, ಅಳೆದವರ ಹೆಸರು ಇರಲಿ. ದನ ತುಳಿದ ಅಥವಾ ಕಿತ್ತುಹೋದ ಕಡ್ಡಿಯನ್ನು ಲೆಕ್ಕದಿಂದ ಬಿಟ್ಟು, ಬಿಟ್ಟದ್ದನ್ನೂ ಬರೆದಿಡಿ. ಶಿರಸಿಯ ಅರಣ್ಯ ಮಹಾವಿದ್ಯಾಲಯಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಆ ಪುಸ್ತಕದ ಪ್ರತಿ ಕೊಟ್ಟರೆ ಅಲ್ಲಿನ ಮಣ್ಣು ಪ್ರಯೋಗಾಲಯದ ನೆರವು ಕೇಳಲು ಅನುಕೂಲ. ಎರಡನೆಯ ವರ್ಷ ಕಡ್ಡಿ ಬದಲಿಸದೆ ಅದೇ ಜಾಗದಲ್ಲಿ ಅಳೆಯಿರಿ, ಏಕೆಂದರೆ ಒಂದು ಮಳೆಗಾಲ ಸೌಮ್ಯವಾಗಿದ್ದು ಇನ್ನೊಂದು ಉಗ್ರವಾಗಿರಬಹುದು. ಬಿಡುವು ಕೊಟ್ಟ ಪಾಲಿನ ಮತ್ತು ಗುಡಿಸಿದ ಪಾಲಿನ ವ್ಯತ್ಯಾಸ ಎರಡು ವರ್ಷವೂ ಒಂದೇ ದಿಕ್ಕಿನಲ್ಲಿ ಕಂಡರೆ ಆಗ ಅಕ್ಕಪಕ್ಕದ ಬೆಟ್ಟದವರಿಗೆ ಧೈರ್ಯವಾಗಿ ಹೇಳಬಹುದು.